ಗಿಟಾರಿನ ಟ್ರಸ್ ರಾಡ್: ಅಳೆಯದೆ ತಿರುಗಿಸಬೇಡಿ

ಅಕೂಸ್ಟಿಕ್ ಗಿಟಾರಿನ ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಕತ್ತು, ಅದರೊಳಗಿನ ಉಕ್ಕಿನ ಸರಳೇ ಟ್ರಸ್ ರಾಡ್. ಅದರ ವಿಷಯಕ್ಕೆ ದಾವಣಗೆರೆಯಲ್ಲಿ ನನ್ನ ಕಿವಿಗೆ ಬೀಳುವುದು ಎರಡೇ ಮಾತು. "ಅದನ್ನ ಮುಟ್ಟಲೇಬೇಡ, ನೆಕ್ ಮುರಿದು ಹೋಗ್ತದೆ" ಅನ್ನುವವರು ಒಂದು ಕಡೆ. "ತಂತಿ ಎತ್ತರ ಆಗ್ಯಾವಾ? ರಾಡ್ ಬಿಗಿ ಮಾಡು, ತಾನೇ ಕೆಳಗೆ ಬರ್ತಾವೆ" ಅನ್ನುವವರು ಇನ್ನೊಂದು ಕಡೆ. ಎರಡನ್ನೂ ನಂಬಬೇಡಿ. ರಾಡ್ ಇರುವುದೇ ತಿರುಗಿಸಲಿಕ್ಕೆ, ಸರಿಯಾದ ಕೀ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಏನೂ ಆಗುವುದಿಲ್ಲ. ಆದರೆ ಅದರ ಕೆಲಸ ತಂತಿ ಇಳಿಸುವುದಲ್ಲ. ನೆಕ್ ಎಷ್ಟು ಬಾಗಿರಬೇಕು ಎಂಬುದನ್ನು ಹಿಡಿತದಲ್ಲಿಡುವುದು, ಅಷ್ಟೇ. ಇದೊಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಅಳತೆ.

ಒಳಗೆ ಏನಿದೆ

ಸ್ಟೀಲ್ ತಂತಿಗಳ ಸಾಮಾನ್ಯ 12ರ ಸೆಟ್ (ಮೊದಲ ತಂತಿಯ ದಪ್ಪ 0.012 ಇಂಚು ಇರುವುದು) ಹಾಕಿ ಸರಿಯಾದ ಶ್ರುತಿಗೆ ತಂದರೆ ಆರೂ ತಂತಿಗಳ ಒಟ್ಟು ಎಳೆತ 70 ಕಿಲೋ ದಾಟುತ್ತದೆ. ಹಗಲೂ ರಾತ್ರಿ ಅಷ್ಟು ಭಾರ ಎಳೆಯುತ್ತಿದ್ದರೆ ತೆಳ್ಳಗಿನ ಮರದ ನೆಕ್ ಬಿಲ್ಲಿನ ಹಾಗೆ ಮುಂದಕ್ಕೆ ಬಾಗದೆ ಇರುತ್ತದೆಯೇ? ಅದನ್ನು ತಡೆಯಲು ಫ್ರೆಟ್‌ಬೋರ್ಡಿನ (ಫ್ರೆಟ್ ಎನ್ನುವ ಲೋಹದ ಅಡ್ಡಪಟ್ಟಿಗಳು ಕೂತಿರುವ ಹಲಗೆಯ) ಕೆಳಗೆ, ನೆಕ್ಕಿನ ಉದ್ದಕ್ಕೂ ಕೊರೆದ ತೋಡಿನಲ್ಲಿ ಒಂದು ಉಕ್ಕಿನ ಸರಳು ಕೂತಿರುತ್ತದೆ. ಅದೇ ಟ್ರಸ್ ರಾಡ್. ಗಿಟಾರ್ ತಯಾರಿಸುವ ಅಮೆರಿಕದ ಗಿಬ್ಸನ್ ಕಂಪನಿಯಲ್ಲಿದ್ದ ತ್ಯಾಡಿಯಸ್ ಮೆಕ್‌ಹ್ಯೂ 1921ರಲ್ಲಿ ಅರ್ಜಿ ಹಾಕಿ 1923ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಮಾರ್ಟಿನ್ ಕಂಪನಿ ತಿರುಗಿಸಬಹುದಾದ ರಾಡನ್ನು ತನ್ನ ಗಿಟಾರುಗಳಿಗೆ ಹಾಕಲು ಶುರುಮಾಡಿದ್ದು 1985ರಲ್ಲಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಎಳೆತ ಕಡಿಮೆ, ಹಾಗಾಗಿ ಹೆಚ್ಚಿನವುಗಳಲ್ಲಿ ರಾಡೇ ಇರುವುದಿಲ್ಲ. ನಿಮ್ಮದು ನೈಲಾನ್ ಆಗಿದ್ದರೆ ಹುಡುಕಾಡಿ ಸುಸ್ತಾಗಬೇಡಿ.

ರಾಡಿನಲ್ಲಿ ಎರಡು ಬಗೆ. ಒಂದು, ತಂತಿಯ ಎಳೆತಕ್ಕೆ ಎದುರಾಗಿ ನೆಕ್ಕನ್ನು ಹಿಂದಕ್ಕೆ ಮಾತ್ರ ತರುವಂಥದ್ದು. ಪೂರ್ತಿ ಸಡಿಲ ಮಾಡಿದರೆ ಅದರ ಕೆಲಸ ಅಲ್ಲಿಗೆ ನಿಂತಿತು. ಇನ್ನೊಂದು ಎರಡೂ ಕಡೆಗೆ ಕೆಲಸ ಮಾಡುವ ಡ್ಯುಯಲ್ ಆ್ಯಕ್ಷನ್ ರಾಡ್. ಅದು ನೆಕ್ಕನ್ನು ಹಿಂದಕ್ಕೂ ತರುತ್ತದೆ, ಬೇಕೆಂದರೆ ಮುಂದಕ್ಕೂ ತಳ್ಳುತ್ತದೆ. ಎರಡರ ನಡುವೆ ರಾಡ್ ತಿರುಗಿಸುವ ನಟ್ ಸುಮ್ಮನೆ ಹಗುರಾಗಿ ತಿರುಗುವ ಒಂದು ಜಾಗ ಇರುತ್ತದೆ. ಅಲ್ಲಿ "ಅಯ್ಯೋ, ತುಂಡಾಯ್ತು" ಅಂತ ಗಾಬರಿ ಬೀಳಬೇಕಿಲ್ಲ.

ನೆಕ್ ಪೂರ್ತಿ ನೇರವಾಗಿರಬಾರದು ಎಂಬುದೂ ಗೊತ್ತಿರಲಿ. ಮೀಟಿದ ತಂತಿ ನಡುಭಾಗದಲ್ಲೇ ಹೆಚ್ಚು ಅಗಲಕ್ಕೆ ಆಡುತ್ತದೆ. ಅದಕ್ಕೆ ಜಾಗ ಬಿಡಲು ನೆಕ್ ಕೂದಲೆಳೆಯಷ್ಟು ಮುಂದಕ್ಕೆ ಬಾಗಿರಬೇಕು. ಈ ಬಾಗಿಗೆ ರಿಲೀಫ್ ಅನ್ನುತ್ತಾರೆ. ಬಹುತೇಕ ಅಕೂಸ್ಟಿಕ್ ಗಿಟಾರಿಗೆ 7ನೇ ಫ್ರೆಟ್ ಹತ್ತಿರ 0.2ರಿಂದ 0.25 ಮಿ.ಮೀ. ಸಾಕು. ಜೋರಾಗಿ ಸ್ಟ್ರಮ್ ಮಾಡುವ ಕೈಗೆ 0.3 ಇದ್ದರೂ ನಡೆಯುತ್ತದೆ.

ಅಳತೆ

ಗಿಟಾರನ್ನು ಮೊದಲು ಟ್ಯೂನರ್ ಇಟ್ಟು ಸರಿಯಾದ ಶ್ರುತಿಗೆ ತನ್ನಿ. ಶ್ರುತಿ ಇಳಿದ ಗಿಟಾರಿನ ಅಳತೆ ಸುಳ್ಳು ಹೇಳುತ್ತದೆ. ಮಂಚದ ಮೇಲೆ ಅಂಗಾತ ಮಲಗಿಸಬೇಡಿ, ನುಡಿಸುವಾಗ ಹೇಗೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತೀರೋ ಹಾಗೇ ಇಟ್ಟುಕೊಳ್ಳಿ. 1ನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ನೆಕ್ ಬಾಡಿಗೆ ಸೇರುವ ಜಾಗದಲ್ಲಿ, ಸಾಮಾನ್ಯವಾಗಿ 14ನೇ ಫ್ರೆಟ್, ಎಲ್ಲಕ್ಕಿಂತ ದಪ್ಪನೆಯ ಆರನೇ ತಂತಿಯನ್ನು ಬಲಗೈಯಿಂದ ಒತ್ತಿ ಹಿಡಿಯಿರಿ. ಎರಡು ಕಡೆ ಬಿಗಿಯಾದ ತಂತಿ ಈಗ ನಿಮಗೆ ಅಳತೆಪಟ್ಟಿ. 7ನೇ ಫ್ರೆಟ್ಟಿನ ತಲೆಗೂ ತಂತಿಯ ತಳಕ್ಕೂ ನಡುವಿನ ಸಂದನ್ನು ನೋಡಿ. ಅಷ್ಟೇ ರಿಲೀಫ್.

ಸಂದು ಅಳೆಯಲು ಫೀಲರ್ ಗೇಜ್ ಬೇಕು. ಬೈಕ್ ಮೆಕ್ಯಾನಿಕ್‌ಗಳು ವಾಲ್ವ್ ಕ್ಲಿಯರೆನ್ಸ್ ನೋಡಲು ಇಟ್ಟುಕೊಳ್ಳುವ ಅದೇ ತೆಳು ಪಟ್ಟಿಗಳ ಗೊಂಚಲು. ಆಟೋಮೊಬೈಲ್ ಬಿಡಿಭಾಗದ ಅಂಗಡಿಯಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ದುಬಾರಿಯೇನಲ್ಲ. ಸಂಗೀತದ ಸಾಮಾನಿನ ಅಂಗಡಿಯಲ್ಲಿ ಕೇಳಲು ಹೋಗಬೇಡಿ, ಅಲ್ಲಿ ಇರುವುದು ಅಪರೂಪ. ಅದೂ ಇಲ್ಲದಿದ್ದರೆ ಹಳೇ ತಂತಿಯ ತುಂಡು ಎತ್ತಿಡಿ. 10ರ ಸೆಟ್ಟಿನ ಮೊದಲ ತಂತಿಯ ದಪ್ಪ 0.25 ಮಿ.ಮೀ., 12ರ ಸೆಟ್ಟಿನದು 0.30. ಆ ತುಂಡನ್ನು ಸಂದಿನಲ್ಲಿ ತೂರಿಸಿ ನೋಡಿ. 10ರ ತುಂಡು ತಂತಿಯನ್ನು ಅಲುಗಿಸದೆ, ಸವರಿಕೊಂಡು ಹೋದರೆ ನಿಮ್ಮ ರಿಲೀಫ್ ಚೆನ್ನಾಗಿದೆ, ರಾಡಿಗೆ ಕೈ ಹಾಕುವ ಕೆಲಸವೇ ಇಲ್ಲ. 12ರ ತುಂಡು ಎರಡು ಕಡೆಯೂ ತಾಗದೆ ಸಲೀಸಾಗಿ ಓಡಾಡಿದರೆ ಬಾಗು ಜಾಸ್ತಿ. ತಂತಿ ಫ್ರೆಟ್ಟಿಗೆ ಅಂಟಿಕೊಂಡೇ ಕೂತಿದ್ದರೆ, ಬೆರಳಲ್ಲಿ ತಟ್ಟಿದಾಗ ಟಿಕ್ ಅಂತ ಸಣ್ಣ ಸದ್ದೂ ಬರದಿದ್ದರೆ, ನೆಕ್ ನೇರವಾಗಿದೆ ಇಲ್ಲವೇ ಹಿಂದಕ್ಕೆ ಬಾಗಿದೆ.

ಇನ್ನೆರಡು ಅಳತೆ ಇದೇ ಹೊತ್ತಲ್ಲಿ ಬರೆದುಕೊಳ್ಳಿ. ಕ್ಯಾಪೊ ತೆಗೆದು, 12ನೇ ಫ್ರೆಟ್ ಮೇಲೆ ಆರನೇ ತಂತಿ ಎಷ್ಟು ಎತ್ತರ, ಮೊದಲ ತಂತಿ ಎಷ್ಟು ಎತ್ತರ ಎಂದು ಸ್ಟೀಲ್ ಸ್ಕೇಲ್‌ನಲ್ಲಿ ನೋಡಿ. ಆರನೆಯದು 2.4ರಿಂದ 2.8, ಮೊದಲನೆಯದು 1.8ರಿಂದ 2 ಮಿ.ಮೀ. ಇದ್ದರೆ ಕೈಗೆ ಹಿತ. ಆಮೇಲೆ ಒಂದೊಂದೇ ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ, 1ನೇ ಫ್ರೆಟ್ಟಿನ ಮೇಲಿನ ಸಂದು ನೋಡಿ. ಅಲ್ಲಿ ಸಂದು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದಿರಬೇಕು. ಢಾಳಾಗಿ ಕಾಣುತ್ತಿದ್ದರೆ ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಬಿಳಿ ಪಟ್ಟಿಯ ಗೀರುಗಳು ಆಳ ಸಾಲದು. ಈ ಪಟ್ಟಿಗೂ ನಟ್ ಎಂದೇ ಹೆಸರು, ರಾಡಿನ ನಟ್ ಬೇರೆ. ಕಲಿಯುವ ಹುಡುಗರು "ಎಫ್ ಕಾರ್ಡ್ ಹಿಡಿಯೋಕೇ ಆಗಲ್ಲ" ಅಂತ ಗಿಟಾರನ್ನೇ ಅಟ್ಟಕ್ಕೆ ಹಾಕುವುದು ಎಷ್ಟೋ ಸಲ ಇದೊಂದೇ ಕಾರಣಕ್ಕೆ. ರಾಡ್ ಎಷ್ಟು ತಿರುಗಿಸಿದರೂ ಅದು ಸರಿಹೋಗುವುದಿಲ್ಲ. ಆ ಗೀರುಗಳನ್ನು ತಂತಿಯ ದಪ್ಪಕ್ಕೆ ತಕ್ಕ ಸಣ್ಣ ಅರದಿಂದ ತೀಡಬೇಕು.

ಝರ್ ಎನ್ನುವುದು ಎಲ್ಲಿ?

ತಂತಿ ಫ್ರೆಟ್ಟಿಗೆ ತಾಗಿ ಝರ್ ಅನ್ನುತ್ತಿದ್ದರೆ ಅದು ಎಲ್ಲಿ ಅನ್ನುತ್ತದೆ ಎಂಬುದರಲ್ಲೇ ಉತ್ತರ ಇದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಅಂದರೆ ಬಾಗು ಕಡಿಮೆ, ರಾಡನ್ನು ಸಡಿಲಿಸಬೇಕು. ಬರೀ ತೆರೆದ ತಂತಿ ಮಾತ್ರ ಅಂದರೆ ಬಿಳಿ ನಟ್ಟಿನ ಗೀರು ಜಾಸ್ತಿ ಆಳವಾಗಿರಬಹುದು. ನಡುಭಾಗದಿಂದ ಆಚೆಗೆ ಅಂದರೆ ಬಾಗು ಜಾಸ್ತಿ ಇರಬಹುದು, ಇಲ್ಲವೇ ಬಾಡಿಯ ಮೇಲಿನ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಪಟ್ಟಿ, ಅಂದರೆ ಸ್ಯಾಡಲ್, ತಗ್ಗಿರಬಹುದು. ಒಂದೇ ಒಂದು ಸ್ವರಕ್ಕೆ ಮಾತ್ರ ಅಂದರೆ ಅದರ ಮುಂದಿನ ಫ್ರೆಟ್ ಮೇಲೆದ್ದಿದೆ ಅಂತ ಲೆಕ್ಕ. ಯಾವ ಫ್ರೆಟ್ಟಿಗೂ ಸಂಬಂಧವಿಲ್ಲದೆ ನೆಕ್ಕಿನ ಒಳಗಿಂದಲೇ ಗುಯ್ ಎಂದು ಬಂದರೆ ರಾಡೇ ತೀರಾ ಸಡಿಲವಾಗಿ ಅದುರುತ್ತಿರುತ್ತದೆ, ನಟ್ ಸ್ವಲ್ಪ ಹಿಡಿತಕ್ಕೆ ಬರುವವರೆಗೆ ಬಿಗಿ ಮಾಡಿದರೆ ನಿಲ್ಲುತ್ತದೆ.

ಸರಿಯಾದ ಕೀ

ರಾಡಿನ ನಟ್ ಇರುವುದು ಎರಡು ಜಾಗದಲ್ಲಿ. ಹೆಡ್‌ಸ್ಟಾಕ್ (ಶ್ರುತಿಯ ಕಿವಿಗಳಿರುವ ತಲೆಭಾಗ) ಮೇಲೆ ಎರಡು ಮೂರು ಸ್ಕ್ರೂ ಹಾಕಿದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಅದರ ಅಡಿಯಲ್ಲಿ. ಇಲ್ಲದಿದ್ದರೆ ಸೌಂಡ್ ಹೋಲ್, ಅಂದರೆ ಬಾಡಿಯ ದುಂಡು ತೂತಿನ ಒಳಗೆ. ಮೊಬೈಲ್ ಟಾರ್ಚ್ ಹಾಕಿ, ಫ್ರೆಟ್‌ಬೋರ್ಡ್ ಮುಗಿಯುವ ಜಾಗದ ಕೆಳಗೆ ನೆಕ್ಕಿನ ಕಡೆಗೆ ನೋಡಿ. ಕೆಲವದರಲ್ಲಿ ಅಡ್ಡಪಟ್ಟಿಯ ತೂತಿನ ಆಚೆ, ಕೈಗೆ ಎಟುಕದಷ್ಟು ಒಳಗಿರುತ್ತದೆ. ಅದಕ್ಕೆ ಉದ್ದ ಕಾಲಿನ ಅಲೆನ್ ಕೀ ಬೇಕು, ಬೈಕಿನ ಟೂಲ್ ಕಿಟ್ಟಿನ ಗಿಡ್ಡ ಕೀ ಮುಟ್ಟುವುದೇ ಇಲ್ಲ.

ಹೆಚ್ಚಿನ ಗಿಟಾರುಗಳಿಗೆ 4 ಅಥವಾ 5 ಮಿ.ಮೀ. ಕೀ ಹಿಡಿಯುತ್ತದೆ. ಇಲ್ಲಿ ಒಂದು ಕಡೆ ತುಂಬಾ ಎಚ್ಚರ ಬೇಕು. ಇಂಚಿನ ಸೆಟ್ಟಿನ 3/16 ಕೀಯ ಅಳತೆ 4.76 ಮಿ.ಮೀ. ಅದು 5 ಮಿ.ಮೀ. ನಟ್ಟಿನೊಳಗೆ ಕೂರುತ್ತದೆ, ತಿರುಗಿಯೂ ತಿರುಗುತ್ತದೆ, ಜೋರು ಬಿದ್ದೊಡನೆ ಒಳಗಿನ ಆರು ಮೂಲೆಗಳನ್ನೂ ಸವೆಸಿ ಗುಂಡಗೆ ಮಾಡುತ್ತದೆ. ಆಮೇಲೆ ಸರಿಯಾದ ಕೀ ತಂದರೂ ಅದು ಕಚ್ಚುವುದಿಲ್ಲ. ಕೀ ಹಾಕಿದಾಗ ಎಡಬಲಕ್ಕೆ ಅಲ್ಲಾಡಿಸಿ ನೋಡಿ. ಲೊಡಲೊಡ ಎಂದರೆ ಅದು ನಿಮ್ಮ ಕೀ ಅಲ್ಲ. ಪೂರ್ತಿ ಆಳಕ್ಕೆ ಇಳಿದಿದೆಯೇ ಎಂದೂ ನೋಡಿ, ತುದಿಯಲ್ಲಷ್ಟೇ ಕಚ್ಚಿದರೂ ಇದೇ ಗತಿ. ಒಂದು ತುದಿ ಗುಂಡಗಿರುವ ಅಲೆನ್ ಕೀ ಇದ್ದರೆ ಆ ಗುಂಡು ತುದಿಯಿಂದ ಬಲ ಹಾಕಬೇಡಿ.

ತಿರುಗಿಸುವುದು

ವಿದ್ಯಾನಗರದ ಒಂದು ಬಾಡಿಗೆ ರೂಮಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬನ ಗಿಟಾರನ್ನು ಹೀಗೆ ಕೂತು ಸರಿಮಾಡಿದ್ದನ್ನೇ ಹೇಳುತ್ತೇನೆ, ಕ್ರಮ ಅದರಲ್ಲೇ ತಿಳಿಯುತ್ತದೆ. "ಅಣ್ಣ, ಬೆರಳೆಲ್ಲಾ ಸುಲಿದು ಹೋಗೈತೆ, ಬೇರೆ ಗಿಟಾರ್ ತಗೊಳ್ಳೋದೇ ವಾಸಿ" ಅನ್ನುತ್ತಿದ್ದ. ಮೇಲೆ ಶೀಟಿನ ಮಾಡು, ಗಿಟಾರ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅಳೆದರೆ ರಿಲೀಫ್ 0.6 ಮಿ.ಮೀ. 12ನೇ ಫ್ರೆಟ್ ಮೇಲೆ ಆರನೇ ತಂತಿ 3.4.

ಬಾಗು ಜಾಸ್ತಿ, ಹಾಗಾಗಿ ಬಿಗಿ ಮಾಡಬೇಕು. ನಟ್ಟಿಗೆ ಎದುರಾಗಿ ಕೂತು ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕು ಬಿಗಿ, ನೆಕ್ ನೇರವಾಗುತ್ತದೆ. ವಿರುದ್ಧ ದಿಕ್ಕು ಸಡಿಲ, ಬಾಗು ಹೆಚ್ಚುತ್ತದೆ. ಸೌಂಡ್ ಹೋಲ್ ಕಡೆಯಿಂದ ತಿರುಗಿಸುವಾಗ ನಾವು ಕೂತ ಕೋನಕ್ಕೆ ದಿಕ್ಕು ತಲೆಕೆಳಗಾಗಿ ಕಾಣುವುದುಂಟು. ಮನಸ್ಸಿನಲ್ಲೇ ನಟ್ಟಿನ ಮುಂದೆ ಹೋಗಿ ನಿಂತು ನೋಡಿಕೊಳ್ಳಿ.

ಪೆನ್ಸಿಲ್ಲಿನಲ್ಲಿ ಕೀಯ ನೇರಕ್ಕೆ ಒಂದು ಗುರುತು, ಅಂಟು ಕಡಿಮೆ ಇರುವ ಟೇಪಿನ ಮೇಲೆ. ಮೂರನೇ ನಾಲ್ಕನೇ ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿದೆವು, ಕೀ ಒಳಗೆ ಹೋಗಲು ದಾರಿ ಆಯಿತು, ನೆಕ್ಕಿನ ಮೇಲಿನ ಭಾರವೂ ಸ್ವಲ್ಪ ಇಳಿಯಿತು. ಬಿಗಿ ಮಾಡಬೇಕಾಗಿದ್ದರೂ ಮೊದಲು ಒಂಚೂರು ಸಡಿಲಿಸುವುದೇ ಸರಿ. ವರ್ಷಗಟ್ಟಲೆ ಮುಟ್ಟದ ನಟ್ ತುಕ್ಕು ಹಿಡಿದು ಕೂತಿರಬಹುದು, ಅದು ಅಲುಗುತ್ತದೋ ಇಲ್ಲವೋ ಎಂಬುದು ಸಡಿಲಿಸುವಾಗಲೇ ಗೊತ್ತಾಗಿಬಿಟ್ಟರೆ ರಾಡಿಗೆ ಅಪಾಯವಿಲ್ಲ. ಕಟ್ ಎಂದು ಒಂದು ಸದ್ದು ಬಂತು, ಹುಡುಗನ ಮುಖ ಕಪ್ಪಿಟ್ಟಿತು. ಬಹಳ ದಿನ ಅಲುಗದ ನಟ್ ಬಿಟ್ಟುಕೊಳ್ಳುವಾಗ ಬರುವ ಸದ್ದು ಅದು, ಮರ ಬಿರಿದದ್ದಲ್ಲ. ಆಮೇಲೆ ಅವನಿಗೆ ಬಾಡಿಯನ್ನು ತೊಡೆಯ ಮೇಲೆ ಊರಿ, ಹೆಡ್‌ಸ್ಟಾಕನ್ನು ಹಿಡಿದು ನೆಕ್ಕನ್ನು ಹಿಂದಕ್ಕೆ ಮೆಲ್ಲಗೆ ಒತ್ತಿ ಹಿಡಿಯಲು ಹೇಳಿದೆ. ಹೀಗೆ ಮಾಡಿದರೆ ನೆಕ್ಕನ್ನು ಬಾಗಿಸುವ ಕೆಲಸ ಕೈಯದ್ದು, ಬಾಗಿದ್ದನ್ನು ಹಿಡಿದಿಡುವ ಕೆಲಸ ಮಾತ್ರ ನಟ್ಟಿನದ್ದು. ನಟ್ಟಿನ ಥ್ರೆಡ್ (ತಿರುಪಿನ ಗೆರೆಗಳು) ಸವೆಯುವುದಿಲ್ಲ, ಕೀ ಜಾರುವುದಿಲ್ಲ. ಕಾಲು ಸುತ್ತು ಬಿಗಿ. ಅಲ್ಲಿಗೆ ನಿಲ್ಲಿಸಿ ಮತ್ತೆ ಪೂರ್ತಿ ಶ್ರುತಿ ಮಾಡಿ ಅಳೆದರೆ 0.4. ಇನ್ನು ಕಾಲು ಸುತ್ತಿನ ಅರ್ಧ. 0.3ಕ್ಕೆ ಬಂತು.

ಅಲ್ಲಿಗೆ ಕೀ ಕೆಳಗಿಟ್ಟೆವು. ಮರ ಒಂದೇ ಏಟಿಗೆ ಹೊಸ ಜಾಗಕ್ಕೆ ಬರುವುದಿಲ್ಲ. ಶ್ರುತಿಯಲ್ಲೇ ಒಂದು ರಾತ್ರಿ ಬಿಟ್ಟು ಮಾರನೇ ದಿನ ನೋಡಿದರೆ 0.25 ಆಗಿತ್ತು, ಮತ್ತೆ ಮುಟ್ಟಲಿಲ್ಲ. ಅವಸರ ಮಾಡಿ ಅದೇ ಸಂಜೆ 0.2ಕ್ಕೆ ತಂದಿದ್ದರೆ ಬೆಳಿಗ್ಗೆ ಬಾಗು ಇನ್ನೂ ಕಡಿಮೆಯಾಗಿ ಮೊದಲ ಫ್ರೆಟ್‌ಗಳು ಝರ್ ಅನ್ನಬಹುದಿತ್ತು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ಒಂದು ದಿನಕ್ಕೆ ಅರ್ಧ ಸುತ್ತಿಗಿಂತ ಹೆಚ್ಚು ಬೇಡ.

ಇಷ್ಟಾದ ಮೇಲೆ 12ನೇ ಫ್ರೆಟ್ಟಿನ ಎತ್ತರ ಎಷ್ಟು ಇಳಿದಿತ್ತು? 3.4ರಿಂದ 3.2ಕ್ಕೆ, ಬರೀ 0.2 ಮಿ.ಮೀ. ತಂತಿ ಇಳಿಸಲು ರಾಡ್ ತಿರುಗಿಸಿ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು. ಉಳಿದ ಎತ್ತರ ಇಳಿಸಬೇಕಾದದ್ದು ಬ್ರಿಡ್ಜ್ ಮೇಲಿನ ಸ್ಯಾಡಲ್‌ನಲ್ಲಿ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಬೇಕಾದಷ್ಟರ ಎರಡರಷ್ಟು ಸ್ಯಾಡಲ್‌ನಲ್ಲಿ ಹೋಗಬೇಕು. 3.2ನ್ನು 2.6 ಮಾಡಲು 0.6 ಇಳಿಯಬೇಕು, ಹಾಗಾದರೆ ಸ್ಯಾಡಲ್‌ನ ತಳದಿಂದ 1.2 ಮಿ.ಮೀ. ಅಡುಗೆಮನೆಯ ಸಮತಟ್ಟಾದ ಗ್ರಾನೈಟ್ ಕಟ್ಟೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ, ಸ್ಯಾಡಲ್‌ನ ತಳಕ್ಕೆ ಗೆರೆ ಎಳೆದು, ನೆಟ್ಟಗೆ ಹಿಡಿದು ಉಜ್ಜಿ. ಗೆರೆಗಿಂತ ಸ್ವಲ್ಪ ಮೊದಲೇ ನಿಲ್ಲಿಸಿ, ಹಾಕಿ ನೋಡಿ, ಮತ್ತೆ ಉಜ್ಜಿ. ಸ್ಯಾಡಲ್ ಅಡಿಯಲ್ಲಿ ಪಿಕಪ್ (ದನಿಯನ್ನು ಸ್ಪೀಕರಿಗೆ ಕಳಿಸುವ ಸಾಧನ) ಇರುವ ಗಿಟಾರಾದರೆ ತಳ ಕಿಂಚಿತ್ತೂ ಓರೆಯಾಗಬಾರದು, ಓರೆಯಾದರೆ ಕೆಲವು ತಂತಿಗಳ ದನಿ ಸ್ಪೀಕರಿನಲ್ಲಿ ಕುಗ್ಗುತ್ತದೆ.

ನಮ್ಮ ಹವೆ

ಇಷ್ಟೆಲ್ಲ ಮಾಡಿದ ಗಿಟಾರ್ ಆರು ತಿಂಗಳಿಗೆ ಮತ್ತೆ ಬೇರೆ ಅಳತೆ ತೋರಿಸಿದರೆ ನಿಮ್ಮ ಕೆಲಸ ಕೆಟ್ಟಿತು ಅಂತಲ್ಲ. ಮರ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಗಿಟಾರಿಗೆ ಹಿತವಾದದ್ದು 45ರಿಂದ 55 ಶೇಕಡ ಆರ್ದ್ರತೆ. ನಮ್ಮದು ಬಯಲುಸೀಮೆ. ಶಿವರಾತ್ರಿ ಕಳೆದು ಮುಂಗಾರು ಬರುವವರೆಗೆ ಮಧ್ಯಾಹ್ನದ ಗಾಳಿ ಒಣಗಿ ಹೋಗಿರುತ್ತದೆ. ಆ ಗಾಳಿ ಕಿಟಕಿ ತೆರೆದ ಮನೆಯೊಳಗೂ ಹೊಕ್ಕು ಮರವನ್ನು ಒಣಗಿಸುತ್ತದೆ. ಆಗ ಗಿಟಾರಿನ ಮುಂಭಾಗದ ಹಲಗೆ ಒಳಕ್ಕೆ ಕುಸಿದು ತಂತಿ ತಗ್ಗುತ್ತದೆ, ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಗೆ ಚಾಚಿ ಅಂಗೈಗೆ ಚುಚ್ಚುತ್ತದೆ. ಶ್ರಾವಣದ ಹೊತ್ತಿಗೆ ಹಲಗೆ ಉಬ್ಬಿ ತಂತಿ ಏರುತ್ತದೆ. ನೆಕ್ ಇದರ ಜೊತೆಗೆ ಯಾವ ಕಡೆ ಎಷ್ಟು ಸರಿಯುತ್ತದೆ ಎಂಬುದು ಆಯಾ ಮರಕ್ಕೆ ಬಿಟ್ಟದ್ದು. ಹಾಗಾಗಿಯೇ ಪ್ರತಿ ಸಲ ಅಳೆಯಬೇಕು.

ಫ್ರೆಟ್ ತುದಿ ಕೈಗೆ ಚುಚ್ಚುತ್ತಿದ್ದರೆ ರಾಡ್ ಮುಟ್ಟುವ ಮೊದಲು ಗಿಟಾರಿಗೆ ತೇವ ಕೊಡಿ. ಸೋಪಿನ ಡಬ್ಬಿಗೆ ನಾಲ್ಕಾರು ತೂತು ಕೊರೆದು, ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜ್ ಒಳಗಿಟ್ಟು, ಗಿಟಾರಿನ ಗಟ್ಟಿ ಪೆಟ್ಟಿಗೆಯಲ್ಲಿ ಹೆಡ್‌ಸ್ಟಾಕ್ ಪಕ್ಕ ಇಟ್ಟರೆ ಸಾಕು. ನೀರು ತೊಟ್ಟಿಕ್ಕಬಾರದು. ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಜೊತೆಗಿದ್ದರೆ ಊಹೆ ತಪ್ಪುತ್ತದೆ. ಒಂದು ವಾರ ಹೀಗೆ ಬಿಟ್ಟು ಮತ್ತೆ ಅಳೆಯಿರಿ, ಎಷ್ಟೋ ಗಿಟಾರು ಅಷ್ಟಕ್ಕೇ ದಾರಿಗೆ ಬರುತ್ತವೆ. ಶೀಟಿನ ಮನೆಯ ಗೋಡೆಯ ಮೊಳೆ, ಕೂಲರ್ ಎದುರಿನ ಮೂಲೆ, ಕೋಟೆ ನೋಡಲು ಹೋದಾಗ ಬಿಸಿಲಲ್ಲಿ ನಿಲ್ಲಿಸಿದ ಕಾರು, ಈ ಮೂರೂ ಜಾಗ ಗಿಟಾರಿಗೆ ಆಗದು. ಮುಚ್ಚಿದ ಕಾರಿನ ಬಿಸಿಗೆ ಅಂಟು ಮೆತ್ತಗಾಗಿ ಬ್ರಿಡ್ಜೇ ಕಿತ್ತು ಬರಬಹುದು.

ನಟ್ ಮಾತು ಕೇಳದಿದ್ದರೆ

ಗಟ್ಟಿಯಾಗಿ ಕೂತ ನಟ್ಟಿಗೆ ಉದ್ದ ಪೈಪ್ ಸಿಕ್ಕಿಸಿ ಬಲ ಹಾಕುವುದು ರಾಡ್ ತುಂಡು ಮಾಡುವ ನೇರ ದಾರಿ. ತಂತಿಗಳನ್ನೆಲ್ಲ ಸಡಿಲಿಸಿ, ಕಡ್ಡಿಯ ತುದಿಯಲ್ಲಿ ಒಂದೇ ಹನಿ ತುಕ್ಕು ಬಿಡಿಸುವ ಎಣ್ಣೆ ಥ್ರೆಡ್‌ಗೆ ಮುಟ್ಟಿಸಿ, ರಾತ್ರಿ ಬಿಡಿ. ಮರಕ್ಕೆ ಎಣ್ಣೆ ತಾಗಬಾರದು, ಸ್ಪ್ರೇ ಮಾಡಲೇಬೇಡಿ. ಹೆಡ್‌ಸ್ಟಾಕ್ ಕಡೆಯ ನಟ್ ಬಿಚ್ಚಿ ಬರುವಂಥದ್ದಾದರೆ ಹೊರಗೆ ತೆಗೆದು, ಥ್ರೆಡ್ಡನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಂಚೂರು ಗ್ರೀಸ್ ಸವರಿ ಮತ್ತೆ ಹಾಕಿ. ನಟ್ ಕೊನೆಯವರೆಗೆ ಬಂದು ನಿಂತಿದೆ, ಬಾಗು ಇನ್ನೂ ಜಾಸ್ತಿ ಇದೆ ಅಂದರೆ ಅದೇ ಅಳತೆಯ ಒಂದು ವಾಷರ್ ಹಾಕಿದಾಗ ಬಿಗಿಮಾಡಲು ಮತ್ತೆ ಥ್ರೆಡ್ ಸಿಗುತ್ತದೆ.

ನೆಕ್ ಹಿಂದಕ್ಕೆ ಬಾಗಿದ್ದು, ರಾಡ್ ಪೂರ್ತಿ ಸಡಿಲವಾದರೂ ಮುಂದಕ್ಕೆ ಬರುತ್ತಿಲ್ಲ ಅಂದರೆ 10ರ ಸೆಟ್ ತೆಗೆದು 12ರ ಸೆಟ್ ಹಾಕಿ ಎರಡು ಮೂರು ದಿನ ಶ್ರುತಿಯಲ್ಲಿ ಬಿಡಿ. ಹೆಚ್ಚಿನ ಎಳೆತಕ್ಕೆ ನೆಕ್ ಬಾಗಿಕೊಂಡೀತು.

ಮೂಲೆ ಸವೆದ ನಟ್, ಎಷ್ಟು ತಿರುಗಿಸಿದರೂ ನೆಕ್ ಅಲುಗದ ರಾಡ್, ತಂತಿ ಇಳಿಸಲು ಸ್ಯಾಡಲ್‌ನಲ್ಲಿ ಎತ್ತರವೇ ಉಳಿಯದ ಗಿಟಾರ್, ಇವು ಮನೆಯಲ್ಲಿ ಆಗುವ ಕೆಲಸವಲ್ಲ. ತುಂಡಾದ ರಾಡ್ ತೆಗೆಯಬೇಕೆಂದರೆ ಫ್ರೆಟ್‌ಬೋರ್ಡನ್ನೇ ಬಿಸಿ ಮಾಡಿ ಎಬ್ಬಿಸಬೇಕು. ಅದನ್ನು ಗಿಟಾರ್ ರಿಪೇರಿ ಬಲ್ಲವರೇ ಮಾಡಬೇಕು, ಮರಗೆಲಸದವರ ಕೈಗೆ ಕೊಡಬೇಡಿ. ಕಡಿಮೆ ಬೆಲೆಯ ಗಿಟಾರಾದರೆ ಮೊದಲೇ ಖರ್ಚು ಕೇಳಿಕೊಳ್ಳಿ, ಹೊಸದರ ಬೆಲೆಯನ್ನೇ ಮುಟ್ಟಬಹುದು. ಬೆಂಗಳೂರಿಗೆ ಒಯ್ಯುವುದಾದರೆ ದಾವಣಗೆರೆಯಿಂದ ಸುಮಾರು 260, ಚಿತ್ರದುರ್ಗದಿಂದ 200 ಕಿ.ಮೀ. ಪ್ರಯಾಣ. ತಂತಿಗಳನ್ನು ಒಂದೆರಡು ಸ್ವರದಷ್ಟು ಇಳಿಸಿ, ಹೆಡ್‌ಸ್ಟಾಕ್ ಅಡಿಗೆ ಮಡಚಿದ ಟವೆಲ್ ಇಟ್ಟು, ಬಸ್ಸಿನ ಡಿಕ್ಕಿಗೆ ಹಾಕದೆ ಸೀಟಿನ ಪಕ್ಕವೇ ಇಟ್ಟುಕೊಳ್ಳಿ. ಅಳತೆ ಬರೆದ ಚೀಟಿಯನ್ನೂ ಪೆಟ್ಟಿಗೆಯಲ್ಲಿ ಹಾಕಿ: ರಿಲೀಫ್ ಎಷ್ಟಿತ್ತು, 12ನೇ ಫ್ರೆಟ್ ಎತ್ತರ ಎಷ್ಟಿತ್ತು, ನಟ್ಟನ್ನು ಯಾವ ಕಡೆಗೆ ಎಷ್ಟು ತಿರುಗಿಸಿದಿರಿ, ಯಾವ ತಾರೀಕು.